ಎರಡು ದಿನ, ನಾಲ್ಕು ಜನ: ನಗರ ಸಾರಿಗೆ ಬಸ್ಸಿನಲ್ಲೇ ಬೆಂಗಳೂರು ನೋಡಬಹುದೇ?

ಪ್ರಶ್ನೆ: ಕೊಪ್ಪಳದ ಪ್ರಯಾಣಿಕ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳ ಒಂದು ಶನಿವಾರ ಮತ್ತು ಭಾನುವಾರ ನಾನು, ನನ್ನ ಪತ್ನಿ, ಅರವತ್ತೇಳು ವರ್ಷದ ತಾಯಿ ಹಾಗೂ ಆರನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಬೆಂಗಳೂರು ನೋಡಲು ಬರುತ್ತಿದ್ದೇವೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಗಿನ ಹೊತ್ತಿಗೆ ಬಂದಿಳಿದು, ಶನಿವಾರ ರಾತ್ರಿ ಹನುಮಂತನಗರದಲ್ಲಿರುವ ಸಂಬಂಧಿಕರ ಮನೆಯಲ್ಲಿ ತಂಗಿ, ಭಾನುವಾರ ರಾತ್ರಿಯ ಗಾಡಿಗೆ ಹಿಂತಿರುಗಬೇಕೆಂದಿದ್ದೇವೆ.

ಎಂಟು ವರ್ಷಗಳ ಹಿಂದೆ ಒಮ್ಮೆ ರೈಲು ನಿಲ್ದಾಣದ ಹೊರಗೆ ಸಿಕ್ಕಿದ ಖಾಸಗಿ ಪ್ರವಾಸಿ ವಾಹನವೊಂದರಲ್ಲಿ ಊರು ನೋಡಲು ಹೋಗಿದ್ದೆವು. ಲಾಲ್‌ಬಾಗಿಗೆ ಅವರು ಕೊಟ್ಟದ್ದು ಇಪ್ಪತ್ತು ನಿಮಿಷ, ಸೀರೆ ಅಂಗಡಿಗೆ ಒಂದು ಗಂಟೆ. ತಾಯಿಯವರು ಗಾಜಿನ ಮನೆಯನ್ನು ದೂರದಿಂದಲೇ ನೋಡಿ ವಾಹನ ಹತ್ತಿದ್ದು ನನಗೆ ಇಂದಿಗೂ ಬೇಸರದ ನೆನಪು. ಈ ಸಲ ಅವರು ನಿಂತು ನೋಡಬೇಕು ಅನ್ನಿಸಿದ ಕಡೆ ನಿಲ್ಲುವಂತಾಗಬೇಕು. ಕ್ಯಾಬ್‌ಗಳಿಗೆ ಸುರಿಯುವಷ್ಟು ಹಣ ನಮ್ಮಲ್ಲಿಲ್ಲ. ಬಿಎಂಟಿಸಿ ಬಸ್ಸುಗಳನ್ನೇ ನಂಬಿಕೊಂಡು ಎರಡು ದಿನ ಓಡಾಡಬಹುದೇ? ದಿನದ ಪಾಸು ಎಲ್ಲರಿಗೂ ತೆಗೆದುಕೊಳ್ಳಬೇಕೇ? ಮಗಳು ಬನ್ನೇರುಘಟ್ಟದ ಪ್ರಾಣಿ ಉದ್ಯಾನವನ್ನೂ ನೋಡಬೇಕೆನ್ನುತ್ತಿದ್ದಾಳೆ.

ಉತ್ತರ: ನಿವೃತ್ತ ನಿರ್ವಾಹಕ

ಮೊದಲು ಹಣದ ಲೆಕ್ಕ ಮುಗಿಸೋಣ, ಏಕೆಂದರೆ ಅದು ನೀವು ಅಂದುಕೊಂಡಿರುವುದಕ್ಕಿಂತ ಸರಳವಾಗಿದೆ. ನಿಮ್ಮ ತಾಯಿ, ಪತ್ನಿ ಮತ್ತು ಮಗಳು ಮೂವರಿಗೂ ಶಕ್ತಿ ಯೋಜನೆ ಅನ್ವಯಿಸುತ್ತದೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಹವಾನಿಯಂತ್ರಿತವಲ್ಲದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದ್ದು, ಬೆಂಗಳೂರಿನ ನಗರ ಸಾರಿಗೆಯೂ ಅದರಲ್ಲಿ ಸೇರಿದೆ. ರಾಜ್ಯದ ವಿಳಾಸವಿರುವ ಆಧಾರ್ ಕಾರ್ಡನ್ನು, ಮಗಳದ್ದೂ ಸೇರಿದಂತೆ, ಕೈಗೆಟುಕುವಲ್ಲಿ ಇಟ್ಟುಕೊಂಡಿರಿ. ಉಚಿತವೆಂದು ಟಿಕೆಟ್ ಪಡೆಯದೆ ಕುಳಿತಿರಬಾರದು. ಶೂನ್ಯ ದರದ ಟಿಕೆಟನ್ನು ಕೇಳಿ ಪಡೆದು, ಇಳಿಯುವವರೆಗೂ ಇಟ್ಟುಕೊಳ್ಳಬೇಕು. ತಪಾಸಣೆಯವರು ಹತ್ತಿದಾಗ ಆ ಚೀಟಿ ಇಲ್ಲದಿದ್ದರೆ ಪ್ರಯಾಣಿಕರ ಜೊತೆಗೆ ನಿರ್ವಾಹಕನೂ ಉತ್ತರ ಹೇಳಬೇಕಾಗುತ್ತದೆ. ಹವಾನಿಯಂತ್ರಿತ ವಜ್ರ ಬಸ್ಸುಗಳಿಗೆ ಮತ್ತು ವಿಮಾನ ನಿಲ್ದಾಣದ ವಾಯುವಜ್ರಕ್ಕೆ ಈ ಸೌಲಭ್ಯವಿಲ್ಲ.

ಆದ್ದರಿಂದ ಹಣ ಕೊಡಬೇಕಾದವರು ನೀವೊಬ್ಬರೇ. 2025ರ ಜನವರಿಯ ಪರಿಷ್ಕರಣೆಯ ನಂತರ ಕನಿಷ್ಠ ದರ 6 ರೂಪಾಯಿ, ಸಾಮಾನ್ಯ ಬಸ್ಸಿನ ದಿನದ ಪಾಸು 80 ರೂಪಾಯಿ. ಹಳೆಯ ಬೆಂಗಳೂರಿನ ಒಳಗೆ ಒಂದು ಜಾಗದಿಂದ ಇನ್ನೊಂದಕ್ಕೆ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚು ದೂರವಿರುವುದಿಲ್ಲ. ಹಾಗೆ ನಾಲ್ಕು ಸಲ ಹತ್ತಿಳಿದರೂ 80 ರೂಪಾಯಿ ದಾಟುವುದು ಕಷ್ಟ. ಪಾಸು ಲಾಭ ತರುವುದು ದೂರದ ಮಾರ್ಗಗಳಲ್ಲಿ ಹಲವು ಬಾರಿ ಬಸ್ಸು ಬದಲಿಸುವವರಿಗೆ. ನೀವು ಬಿಡಿ ಟಿಕೆಟ್‌ಗಳನ್ನೇ ತೆಗೆದುಕೊಳ್ಳಿ. ಫೋನಿನಿಂದ ಹಣ ಕಳಿಸುವ ವ್ಯವಸ್ಥೆ ಬಂದಿದ್ದರೂ, ನೂಕುನುಗ್ಗಲಿನಲ್ಲಿ ಚಿಲ್ಲರೆ ಕೊಟ್ಟವರ ಕೆಲಸ ಬೇಗ ಮುಗಿಯುತ್ತದೆ.

ರೈಲು ಇಳಿದು ರಸ್ತೆ ದಾಟಿದರೆ ಕೆಂಪೇಗೌಡ ಬಸ್ ನಿಲ್ದಾಣ. ಎಲ್ಲರೂ ಮೆಜೆಸ್ಟಿಕ್ ಎನ್ನುವ ಈ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತು ಎಂಬುದನ್ನು ಮಗಳಿಗೆ ಅಲ್ಲೇ ನಿಂತು ಹೇಳಿ. ಬಸ್ಸಿನ ಸಂಖ್ಯೆಯನ್ನು ನೋಡುವಾಗ ಅಂಕಿಯ ಪಕ್ಕದ ಅಕ್ಷರವನ್ನೂ ನೋಡಬೇಕು, ಏಕೆಂದರೆ ಅಂಕಿ ಒಂದೇ ಆಗಿದ್ದು ಅಕ್ಷರ ಬೇರೆಯಾದರೆ ಬಸ್ಸು ಅರ್ಧ ದಾರಿಯಲ್ಲಿ ಬೇರೆ ಕಡೆಗೆ ತಿರುಗಿಕೊಳ್ಳಬಹುದು. ಅನುಮಾನವಿದ್ದರೆ ಒಂದು ಕಾಲು ಮೆಟ್ಟಿಲ ಮೇಲಿಡುವ ಮೊದಲೇ ಇಳಿಯುವ ನಿಲ್ದಾಣದ ಹೆಸರು ಹೇಳಿ ಕೇಳಿ. ಮೂವತ್ತು ವರ್ಷ ನಾನು ಆ ಪ್ರಶ್ನೆಗೆ ಉತ್ತರಿಸಿದ್ದೇನೆ. ಕೇಳಿದವರ ಮೇಲೆ ನನಗೆ ಎಂದೂ ಬೇಸರವಾಗಿಲ್ಲ, ಕೇಳದೆ ಹತ್ತಿ ದೂರದಲ್ಲಿ ಇಳಿದು ಕಣ್ಣೀರಿಟ್ಟವರನ್ನು ಕಂಡು ಬೇಸರವಾಗಿದೆ.

ಉತ್ತರ: ಹನುಮಂತನಗರದ ನಿವಾಸಿ

ನೀವು ತಂಗುವ ಜಾಗವೇ ನಿಮಗೆ ದೊಡ್ಡ ಅನುಕೂಲ. ಶನಿವಾರವನ್ನು ಪೂರ್ತಿಯಾಗಿ ದಕ್ಷಿಣದ ಹಳೆಯ ಬಡಾವಣೆಗಳಿಗೆ ಮೀಸಲಿಟ್ಟರೆ, ಸಂಜೆ ದಣಿದಾಗ ಮನೆ ಹತ್ತಿರದಲ್ಲೇ ಇರುತ್ತದೆ.

ಸಾಮಾನುಗಳನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಟ್ಟು, ತಿಂಡಿ ಮುಗಿಸಿ, ಜಯನಗರದ ಕಡೆಗೆ ಹೋಗುವ ಬಸ್ಸು ಹಿಡಿದು ಲಾಲ್‌ಬಾಗಿನ ಮುಖ್ಯ ದ್ವಾರದ ಬಳಿ ಇಳಿಯಿರಿ. ಆ ದ್ವಾರದಿಂದಲೇ ಒಳಹೋಗಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಂಪೇಗೌಡರ ಗೋಪುರವಿರುವ ಬಂಡೆ ಅಲ್ಲಿಂದ ಹತ್ತಿರ, ಮತ್ತು ಬಿಸಿಲು ಏರಿದ ಮೇಲೆ ಆ ಬಂಡೆಯ ಮೇಲೆ ವಯಸ್ಸಾದವರು ನಿಲ್ಲಲಾರರು. ಬೆಳಿಗ್ಗೆ ಎಂಟರ ಹೊತ್ತಿಗೆ ಕಲ್ಲು ಇನ್ನೂ ತಣ್ಣಗಿರುತ್ತದೆ, ಬೂದು ಬಣ್ಣದ ಮೈಯಲ್ಲಿ ಬಿಳಿಯ ಪಟ್ಟೆಗಳು ಹಗ್ಗದ ಎಳೆಗಳಂತೆ ಬಳುಕಿಕೊಂಡು ಹೋಗಿರುವುದು ಓರೆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಶಿಲೆಯ ಮೇಲೆ ನಿಮ್ಮ ಮಗಳು ಅಂಗೈ ಊರಿ ಕುಳಿತರೆ, ಪಠ್ಯಪುಸ್ತಕದ ಒಂದು ಪಾಠ ಅವಳಿಗೆ ಎಂದಿಗೂ ಮರೆಯುವುದಿಲ್ಲ. ಅಲ್ಲಿಂದ ನಿಧಾನವಾಗಿ ಇಳಿದು, 1889ರ ಗಾಜಿನ ಮನೆಯ ಎದುರಿನ ಬೆಂಚಿನಲ್ಲಿ ತಾಯಿಯವರನ್ನು ಅವರಿಗೆ ತೃಪ್ತಿಯಾಗುವಷ್ಟು ಹೊತ್ತು ಕೂರಿಸಿ. ಉದ್ಯಾನದ ವಿಸ್ತಾರ 240 ಎಕರೆ, ಎಲ್ಲವನ್ನೂ ಸುತ್ತಬೇಕಾಗಿಲ್ಲ.

ಪಶ್ಚಿಮ ದ್ವಾರದಿಂದ ಹೊರಬಂದು ಕೆ.ಆರ್. ಮಾರ್ಕೆಟ್ ಕಡೆಗೆ ಹೋಗುವ ಬಸ್ಸು ಹತ್ತಿದರೆ ಟಿಪ್ಪುವಿನ ಬೇಸಿಗೆ ಅರಮನೆ ಸ್ವಲ್ಪ ಹೊತ್ತಿನ ದಾರಿ. ಹೈದರಾಲಿಯ ಕಾಲದಲ್ಲಿ ಆರಂಭವಾಗಿ 1791ರಲ್ಲಿ ಮುಗಿದ ಈ ತೇಗದ ಕಟ್ಟಡದ ಕಂಬಗಳ ಬುಡ ದಪ್ಪನಾಗಿದ್ದು ಮೇಲಕ್ಕೆ ಹೋದಂತೆ ಸಣ್ಣದಾಗುವುದನ್ನು ಗಮನಿಸಿ. ಪಕ್ಕದಲ್ಲೇ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಾಲಯವಿದೆ.

ಅಲ್ಲಿಂದ ಬಸವನಗುಡಿಗೆ ಸಂಜೆ ಬನ್ನಿ, ಮಧ್ಯಾಹ್ನ ಬೇಡ, ಏಕೆಂದರೆ ಮಧ್ಯಾಹ್ನ ದೇವಸ್ಥಾನಗಳು ಮುಚ್ಚಿರುತ್ತವೆ. ಮೊದಲು ಗಾಂಧಿ ಬಜಾರಿನಲ್ಲಿ ಇಳಿದು 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನಬಹುದು. ಶನಿವಾರ ಅಲ್ಲಿ ಕಾಯಬೇಕಾಗುತ್ತದೆ, ಕಾಯಲು ತಾಳ್ಮೆಯಿಲ್ಲದಿದ್ದರೆ ಅದೇ ಬೀದಿಯ ಬೇರೆ ಯಾವ ಹೋಟೆಲಿನಲ್ಲೂ ನಿಮಗೆ ನಷ್ಟವಾಗದು. ಕಹಳೆ ಬಂಡೆ, ದೊಡ್ಡ ಗಣೇಶ, ದೊಡ್ಡ ಬಸವಣ್ಣ ಮೂರೂ ಒಂದಕ್ಕೊಂದು ಅಂಟಿಕೊಂಡಂತಿವೆ. ಒಂದೇ ಕಲ್ಲಿನ ಬಸವಣ್ಣನ ಎತ್ತರ ಸುಮಾರು 15 ಅಡಿ. ಪ್ರದಕ್ಷಿಣೆ ಬಂದು ಹಿಂಬದಿಯಿಂದ ನೋಡಿದಾಗಲೇ ಆ ಮೈಕಟ್ಟು ಅರ್ಥವಾಗುವುದು. ಇಲ್ಲಿಂದ ಹನುಮಂತನಗರಕ್ಕೆ ಬಸ್ಸು ಕೂಡ ಬೇಡ.

ಉತ್ತರ: ತುಮಕೂರಿನ ಶಿಕ್ಷಕಿ

ಭಾನುವಾರದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಶಿವಾಜಿನಗರದ ಕಡೆಗೆ ಹೋಗುವ ಬಸ್ಸಿನಲ್ಲಿ ವಿಧಾನಸೌಧದ ಬಳಿ ಇಳಿದು, ಎದುರಿನ ಕೆಂಪು ಅಠಾರಾ ಕಚೇರಿಯ (ಹೈಕೋರ್ಟ್ ಕಟ್ಟಡದ) ಪಕ್ಕದಿಂದ ಕಬ್ಬನ್ ಉದ್ಯಾನದೊಳಗೆ ನಡೆದು, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ತಲುಪಿ. ಭಾನುವಾರ ಉದ್ಯಾನದೊಳಗಿನ ರಸ್ತೆಗಳಲ್ಲಿ ವಾಹನ ಸಂಚಾರವಿರುವುದಿಲ್ಲವಾದ್ದರಿಂದ ತಾಯಿಯವರಿಗೆ ನಡಿಗೆ ನೆಮ್ಮದಿಯಾಗಿರುತ್ತದೆ. ಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಮೂಲ ಗಾತ್ರದ ಪ್ರತಿಕೃತಿಯಿದೆ. ನನ್ನ ಜೊತೆ ಬಂದಿದ್ದ ಮಕ್ಕಳನ್ನು ಅದರ ಮುಂದಿನಿಂದ ಕರೆದೊಯ್ಯುವುದೇ ಕಷ್ಟವಾಗಿತ್ತು.

ಸಮಯವಿದ್ದರೆ ನಾನು ಮನಃಪೂರ್ವಕವಾಗಿ ಸೂಚಿಸುವ ಇನ್ನೊಂದು ಜಾಗ ಬೇಗೂರು. ಅಲ್ಲಿನ ನಾಗನಾಥೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನವಿದ್ದು, ಬೆಂಗಳೂರಿನ ಕಾಳಗದಲ್ಲಿ ಮಡಿದ ವೀರನೊಬ್ಬನನ್ನು ಅದು ಸ್ಮರಿಸುತ್ತದೆ. ಬಲ್ಲಾಳರಾಯ ಬೆಂದ ಕಾಳು ತಿಂದದ್ದರಿಂದ ಊರಿಗೆ ಹೆಸರು ಬಂತೆಂಬ ಕಥೆ ನಮಗೆಲ್ಲ ಗೊತ್ತು. ಆ ದೊರೆ ಹುಟ್ಟುವುದಕ್ಕೂ ಶತಮಾನಗಳ ಮೊದಲೇ ಈ ಹೆಸರು ಕನ್ನಡದಲ್ಲಿ ಕಲ್ಲಿನ ಮೇಲೆ ಮೂಡಿತ್ತು ಎಂಬುದನ್ನು ಮಕ್ಕಳು ಕಣ್ಣಾರೆ ಕಾಣಬೇಕು. ಯಾವ ಪ್ರವಾಸಿ ವಾಹನವೂ ಅಲ್ಲಿಗೆ ಕರೆದೊಯ್ಯುವುದನ್ನು ನಾನು ನೋಡಿಲ್ಲ, ನಗರ ಸಾರಿಗೆ ಬಸ್ಸು ಕರೆದೊಯ್ಯುತ್ತದೆ.

ಮರುಪ್ರಶ್ನೆ: ಕೊಪ್ಪಳದ ಪ್ರಯಾಣಿಕ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ತಾಯಿಯವರಿಗೆ ಮೊಣಕಾಲು ನೋವಿರುವುದರಿಂದ ಬಸ್ಸಿನ ಎತ್ತರದ ಮೆಟ್ಟಿಲುಗಳದ್ದೇ ಚಿಂತೆ. ಬನ್ನೇರುಘಟ್ಟದ ಬಗ್ಗೆ ಯಾರೂ ಹೇಳಲಿಲ್ಲ.

ಉತ್ತರ: ನಿವೃತ್ತ ನಿರ್ವಾಹಕ

ಹೊಸ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ನೆಲ ತಗ್ಗಾಗಿರುವಂಥವು ಸಾಕಷ್ಟಿವೆ, ಹವಾನಿಯಂತ್ರಣವಿಲ್ಲದವುಗಳಲ್ಲಿ ಶೂನ್ಯ ಟಿಕೆಟ್ ಕೂಡ ನಡೆಯುತ್ತದೆ. ಮೆಜೆಸ್ಟಿಕ್‌ನಂತಹ ಬಸ್ಸು ಹೊರಡುವ ಜಾಗದಿಂದಲೇ ಹತ್ತಿಸಿದರೆ ಅವಸರವಿರುವುದಿಲ್ಲ, ಸೀಟೂ ಸಿಗುತ್ತದೆ. ಮುಂದಿನ ಭಾಗದಲ್ಲೇ ಕೂರಿಸಿ, ಇಳಿಯುವ ನಿಲ್ದಾಣ ಬರುವ ಮುನ್ನವೇ ಚಾಲಕರಿಗೆ ಕೇಳುವಂತೆ ಅಜ್ಜಿ ಇಳಿಯುತ್ತಾರೆ ಎಂದು ಹೇಳಿ. ಬಸ್ಸು ಪೂರ್ತಿ ನಿಂತ ಮೇಲೆಯೇ ಅವರು ಎದ್ದೇಳಲಿ.

ಬನ್ನೇರುಘಟ್ಟಕ್ಕೆ ಮೆಜೆಸ್ಟಿಕ್‌ನಿಂದ 365 ಸಂಖ್ಯೆಯ ಬಸ್ಸಿದೆ. ಆದರೆ ದಾರಿಗೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಭಾನುವಾರ ಸಫಾರಿಗೆ ಸಾಲು ಉದ್ದವಿರುತ್ತದೆ, ಬಸ್ಸಿನಲ್ಲಿ ಉಳಿಸಿದ ಹಣದ ಹಲವು ಪಟ್ಟು ನಾಲ್ವರ ಸಫಾರಿ ಟಿಕೆಟ್‌ಗೆ ಹೋಗುತ್ತದೆ. ಅಲ್ಲಿಗೆ ಹೋದರೆ ಭಾನುವಾರ ಬೇರೇನೂ ಆಗದು. ರಾತ್ರಿಯ ರೈಲಿರುವುದರಿಂದ ನಾನಾಗಿದ್ದರೆ ಈ ಸಲ ಬಿಟ್ಟುಬಿಡುತ್ತಿದ್ದೆ. ಮಗಳು ಹಟ ಹಿಡಿದರೆ ಬೆಳಿಗ್ಗೆ ಏಳರೊಳಗೆ ಮೆಜೆಸ್ಟಿಕ್ ಬಿಡಿ. ಮುಂದೆ ಯಾವಾಗಲಾದರೂ ವಾರದ ನಡುವೆ ಬರುವುದಾದರೆ ಮಂಗಳವಾರ ಉದ್ಯಾನಕ್ಕೆ ರಜೆಯೆಂಬುದು ನೆನಪಿರಲಿ.

ಕೊಪ್ಪಳದ ಪ್ರಯಾಣಿಕ

ಮನೆಯಲ್ಲಿ ಮಾತನಾಡಿದೆವು. ಬೆಂಗಳೂರಿನ ಹೆಸರಿರುವ ಕಲ್ಲನ್ನು ನೋಡಬೇಕೆಂದು ಮಗಳೇ ಹೇಳಿದ್ದರಿಂದ ಬನ್ನೇರುಘಟ್ಟವನ್ನು ಕೈಬಿಟ್ಟು ಬೇಗೂರನ್ನು ಸೇರಿಸಿಕೊಂಡಿದ್ದೇವೆ. ಭಾನುವಾರ ಬೆಳಿಗ್ಗೆ ದೇವಸ್ಥಾನ ತೆರೆದಿರುವಾಗಲೇ ಅಲ್ಲಿಗೆ ಹೋಗಿ, ಮಧ್ಯಾಹ್ನ ಕಬ್ಬನ್ ಉದ್ಯಾನ ಮತ್ತು ಸಂಗ್ರಹಾಲಯ ನೋಡುತ್ತೇವೆ. ತಾಯಿಯವರು ತಮ್ಮ ಆಧಾರ್ ಕಾರ್ಡನ್ನು ಈಗಲೇ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡಿದ್ದಾರೆ.