ಅವರಿಲ್ಲದ ಮೊದಲ ಕ್ರಿಸ್ಮಸ್: ಇಂಥ ವರ್ಷ ಕಳೆದವರು ಹೇಳಿ

ಕೇಳಿದವರು, ಕೋಲಾರ
ಆಗಸ್ಟ್‌ನಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಪ್ರತಿ ಡಿಸೆಂಬರ್ 1ಕ್ಕೆ ಬಾಗಿಲ ಮೇಲೆ ನಕ್ಷತ್ರ ಕಟ್ಟುತ್ತಿದ್ದವರು ಅವರೇ. ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಕೈಯಾರೆ ಮಾಡಿದ್ದು. ಈಗ ಅದು ಅಟ್ಟದ ಮೇಲಿದೆ. ವರ್ಷ ತುಂಬುವವರೆಗೆ ಸಿಹಿ, ಅಲಂಕಾರ ಬೇಡ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಹತ್ತು ವರ್ಷದ ಮಗ ಸ್ಕೂಲಿಂದ ಬಂದವನೇ ಅಟ್ಟದ ಕಡೆ ನೋಡುತ್ತಾನೆ, ಕೇಳುವುದಿಲ್ಲ. ಚರ್ಚಿಗೆ ಹೋಗುವ ಮನಸ್ಸಿದೆ, ಆದರೆ ಕೈ ಹಿಡಿದು ‘ಹ್ಯಾಪಿ ಕ್ರಿಸ್ಮಸ್’ ಅನ್ನುವವರಿಗೆ ಏನು ಹೇಳಲಿ? ನೀವು ಏನು ಮಾಡಿದಿರಿ? ಹಬ್ಬದಲ್ಲಿ ನಿಮಗೆ ಉಳಿದದ್ದು ಏನು?

ಕೆಜಿಎಫ್‌ನಿಂದ
ತಂಗೀ, ನಮ್ಮ ಮನೆಯದನ್ನೇ ಹೇಳುತ್ತೇನೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಅಕ್ಟೋಬರ್‌ನಲ್ಲಿ ಅಪ್ಪ ಹೋದರು. ಅಣ್ಣ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಲು ಶುರು ಮಾಡಿದ್ದ. ಆ ಡಿಸೆಂಬರ್‌ನಲ್ಲಿ ಅಮ್ಮ ಒಲೆ ಮೇಲೆ ಎಣ್ಣೆ ಬಾಣಲೆ ಇಡಲಿಲ್ಲ. ಪಕ್ಕದ ಮನೆಯವರು ಕಜ್ಜಾಯ ತಂದರೆ ತಟ್ಟೆಯನ್ನು ಮೆಟ್ಟಿಲ ಮೇಲೇ ಇಟ್ಟುಕೊಂಡು ಕೂತಿದ್ದಳು, ಒಳಗೆ ತರಲಿಲ್ಲ, ವಾಪಸ್ಸೂ ಕಳಿಸಲಿಲ್ಲ.

24ರ ರಾತ್ರಿ ಆರಾಧನೆಗೆ ಮಾತ್ರ ಹೋದೆವು, ಕೊನೆಯ ಬೆಂಚು. ಅವತ್ತು ನಮ್ಮ ಪಾದ್ರಿ ಅಯ್ಯನವರು ಬೈಬಲ್ಲಿನ ಮತ್ತಾಯ ಎರಡನೇ ಅಧ್ಯಾಯ ಓದಿದರು. ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳ ಇಟ್ಟು ಹೋದಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ಅವರು ನಿಲ್ಲಿಸಲಿಲ್ಲ. ಯೋಸೇಫ ರಾತ್ರೋರಾತ್ರಿ ತಾಯಿ ಮರಿಯಳನ್ನೂ ಮಗು ಯೇಸುವನ್ನೂ ಕರೆದುಕೊಂಡು ಐಗುಪ್ತಕ್ಕೆ (ಈಜಿಪ್ಟಿಗೆ) ಓಡಿದ್ದು, ಹೆರೋದ ರಾಜ ಬೇತ್ಲೆಹೇಮಿನ ಕಂದಮ್ಮಗಳನ್ನು ಕೊಲ್ಲಿಸಿದ್ದು, ಮಕ್ಕಳಿಲ್ಲವೆಂದು ಅಳುವ ರಾಹೇಲಳು ಸಮಾಧಾನವೇ ಬೇಡ ಅಂದದ್ದು, ಎಲ್ಲ ಓದಿದರು. ಅಮ್ಮ ನನ್ನ ಕೈ ಹಿಡಿದಳು. ದಾರಿಯಲ್ಲಿ ಒಂದೇ ಮಾತು: “ಅಳುವವಳೂ ಈ ಕಥೆಯೊಳಗೇ ಇದ್ದಾಳಲ್ಲೇ.” ಮನೆಗೆ ಬಂದು ಒಂದು ಕಜ್ಜಾಯ ಮುರಿದು ನನಗೆ ಅರ್ಧ ಕೊಟ್ಟಳು.

ನನಗೆ ಉಳಿದದ್ದು ಅದೇ. ಆ ಕಂದಮ್ಮಗಳ ನೆನಪಿಗೆ ಕ್ರೈಸ್ತ ಸಭೆ ಡಿಸೆಂಬರ್ 28ನ್ನು ಇಟ್ಟಿದೆ, ಹಬ್ಬವಾಗಿ ಮೂರು ದಿನಕ್ಕೇ. ನಾನು ಅವತ್ತು ಈಗಲೂ ಆ ಅಧ್ಯಾಯ ಪೂರ್ತಿ ಓದುತ್ತೇನೆ. ನಗುತ್ತಾ ಬರಬೇಕು ಅಂತ ಯೇಸು ಯಾರಿಗೂ ಷರತ್ತು ಹಾಕಿಲ್ಲ ತಂಗೀ. ನೀನು ಅಳುತ್ತಲೇ ಬಾ.

ತುಮಕೂರಿನಿಂದ
ಅಕ್ಕಾ, ನಾನು ಮೊದಲ ವರ್ಷ ನಕ್ಷತ್ರ ಕಟ್ಟಲಿಲ್ಲ, ತಪ್ಪು ಮಾಡಿದೆ ಅಂತ ಅನ್ನಿಸಿಲ್ಲ. ಕ್ರಿಸ್ಮಸ್‌ಗೆ ಮುಂಚೆ ಕಾಯುವ ಆಗಮನ ಕಾಲದ ನಾಲ್ಕು ಭಾನುವಾರದ ಮೇಣದಬತ್ತಿ ಮಾತ್ರ ಇಟ್ಟುಕೊಂಡೆ. ನೇರಳೆ ಬಣ್ಣ ಕಾಯುವುದರ ಬಣ್ಣ, ಅದಕ್ಕೆ ಸಂಭ್ರಮ ಬೇಕಿಲ್ಲ. ಮೂರನೇ ವಾರದ್ದು ಗುಲಾಬಿ, ಸಂತೋಷದ್ದು. ಅದನ್ನು ಹಚ್ಚಲು ನನ್ನ ಕೈ ಬರಲಿಲ್ಲ, ಮಗಳ ಕೈಯಲ್ಲಿ ಹಚ್ಚಿಸಿದೆ.

ಚರ್ಚಿನ ವಿಷಯಕ್ಕೆ: ಅಯ್ಯನವರಿಗೆ ಮೊದಲೇ ಫೋನ್ ಮಾಡಿ ಹೇಳಿಡಿ. ಪಕ್ಕದ ಬಾಗಿಲ ಹತ್ತಿರ ಕೂತು, ಆಶೀರ್ವಾದ ಆದ ಕೂಡಲೇ ಕೊನೆಯ ಹಾಡಿನ ಹೊತ್ತಿಗೆ ಹೊರಟುಬಿಡಿ. ಯಾರಾದರೂ ಕೈ ಹಿಡಿದರೆ “ನಮಗಾಗಿ ಪ್ರಾರ್ಥನೆ ಮಾಡಿ” ಅನ್ನಿ, ಅಷ್ಟು ಸಾಕು.

ಚಿಕ್ಕಬಳ್ಳಾಪುರದಿಂದ
ನಮ್ಮದು ಸೇವಂತಿಗೆ ತೋಟ. ಬೋರ್‌ವೆಲ್ಲಿಗೆ ತ್ರೀ ಫೇಸ್ ಕರೆಂಟು ಬರುವುದು ರಾತ್ರಿ. ಅಮ್ಮ ತೀರಿಕೊಂಡ ವರ್ಷ 24ರ ರಾತ್ರಿಯೂ ನಾನು ಟಾರ್ಚು ಹಿಡಿದು ಮೋಟಾರಿನ ಹತ್ತಿರ ಕೂತಿದ್ದೆ, ಚರ್ಚಿಗೆ ಹೋಗಲು ಆಗಲಿಲ್ಲ. ಇಬ್ಬನಿಗೆ ತಲೆಗೆ ಕಟ್ಟಿದ ಟವೆಲ್ ಒದ್ದೆಯಾಗಿತ್ತು. ಬೈಬಲ್ಲಿನಲ್ಲಿ ಲೂಕ ಬರೆದ ಕುರುಬರು ನೆನಪಾದರು. ಅವರೂ ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದವರು, ಹಬ್ಬಕ್ಕೆ ಕೂತವರಲ್ಲ. ಯೇಸು ಹುಟ್ಟಿದ ಸುದ್ದಿ ಅವರು ಇದ್ದಲ್ಲಿಗೇ ಬಂತು. ನೀವು ಚರ್ಚಿಗೆ ಹೋಗಲು ಆಗದಿದ್ದರೆ ಅದಕ್ಕೂ ಕೊರಗಬೇಡಿ.

ಇನ್ನೊಂದು. ವರ್ಷ ತುಂಬುವವರೆಗೆ ಬೇಡ ಅನ್ನುವುದು ನಮ್ಮ ಕಡೆಯ ರೂಢಿ, ಬೈಬಲ್ಲಿನ ಕಟ್ಟಳೆಯಲ್ಲ. ಆದರೂ ಜಗಳ ಬೇಡ. ನಿಮ್ಮತ್ತೆ ಇದ್ದರೆ ಅವರೂ ಮಗನನ್ನು ಕಳಕೊಂಡವರು. ಅವರನ್ನೇ ಕೇಳಿ ನೋಡಿ.

ಕೇಳಿದವರು, ಕೋಲಾರ
ಅತ್ತೆಯವರನ್ನು ಕೇಳಿದೆ. ಸಿಹಿ ಬೇಡ ಅಂದರು. ನಕ್ಷತ್ರಕ್ಕೆ ಏನೂ ಅನ್ನಲಿಲ್ಲ, ಸ್ವಲ್ಪ ಹೊತ್ತಿಗೆ ತಾವೇ ಸ್ಟೂಲು ತಂದು ಅಟ್ಟದ ಕೆಳಗೆ ಇಟ್ಟರು. ಮೂವರೂ ಸೇರಿ ಇಳಿಸಿದೆವು. ಎರಡು ಮೂಲೆಯ ಕಾಗದ ಇಲಿ ಕಡಿದಿದೆ. ಒಳಗೆ ಬಲ್ಬಿನ ಹೋಲ್ಡರಿಗೆ ಅವರು ಸುತ್ತಿದ ಕಪ್ಪು ಟೇಪು ಹಾಗೇ ಇದೆ, ಅದನ್ನು ಬಿಚ್ಚಬಾರದು ಅಂತ ಮಗ ಹೇಳಿದ. ಈಗ ಮೈದಾ ಅಂಟು ಮಾಡಲು ಕೂತಿದ್ದೇವೆ, ಬರೀ ಗಂಟು. ಅವರು ಹೇಗೆ ಮಾಡುತ್ತಿದ್ದರೋ ನಾನು ನೋಡಿಯೇ ಇಲ್ಲ.

ಕೆಜಿಎಫ್‌ನಿಂದ
ಮೊದಲು ತಣ್ಣೀರಲ್ಲೇ ಗಂಟಿಲ್ಲದ ಹಾಗೆ ಕಲಸಿಕೋ ತಂಗೀ, ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸು. ಹೊಳಪು ಬಂದ ಕೂಡಲೇ ಇಳಿಸು. ಪೂರ್ತಿ ಆರಿದ ಮೇಲೆ ಹಚ್ಚಿ, ಬಿಸಿಯಲ್ಲಿ ಹಚ್ಚಿದರೆ ಕಾಗದ ಸುಕ್ಕಾಗುತ್ತದೆ.