ದೊಡ್ಡ ಮಕ್ಕಳ ಜೊತೆ ಎರಡು ವಾರ ಯೂರೋಪ್: ಎಂಟು ಊರು ಆಗುತ್ತಾ?

ಹಂಸಧ್ವನಿ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಎರಡು ವಾರ ಯೂರೋಪಿಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ನಮ್ಮ ಯಜಮಾನರು, ಮಗಳು (28, ಕೆಲಸದಲ್ಲಿದ್ದಾಳೆ), ಮಗ (23, ಓದು ಈಗಷ್ಟೇ ಮುಗಿದಿದೆ). ಇನ್ನು ಮುಂದೆ ನಾಲ್ಕೂ ಜನ ಒಟ್ಟಿಗೆ ಇಷ್ಟು ದಿನ ಸಿಗೋದು ಯಾವಾಗಲೋ ಗೊತ್ತಿಲ್ಲ, ಅದಕ್ಕೇ ಈ ಸಲ ಚೆನ್ನಾಗಿ ಆಗಬೇಕು ಅಂತ ತುಂಬಾ ಆಸೆ.

ಪಟ್ಟಿ ಹೀಗಿದೆ: ಲಂಡನ್, ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಇಂಟರ್‌ಲಾಕೆನ್, ವೆನಿಸ್, ಫ್ಲಾರೆನ್ಸ್, ರೋಮ್, ಪ್ರಾಗ್. ಮಗಳಿಗೆ ಮ್ಯೂಸಿಯಂ, ಚಿತ್ರಕಲೆ ಅಂದರೆ ಪ್ರಾಣ. ಮಗನಿಗೆ ಬೆಟ್ಟ ಹತ್ತಬೇಕು. ಯಜಮಾನರಿಗೆ ಮಂಡಿ ನೋವು, ಸಮತಟ್ಟಾಗಿದ್ದರೆ ನಡೀತಾರೆ, ಮೆಟ್ಟಿಲು ಕಷ್ಟ. ಮಗಳಿಗೆ ರಜೆ ಸಿಗೋದು ಒಂದೇ ವಾರ, ಅದೇ ದೊಡ್ಡ ತಲೆನೋವು. ಇಷ್ಟು ಊರು ಆಗುತ್ತಾ? ಯೂರೇಲ್ ಪಾಸ್ (ಹಲವು ದೇಶದ ರೈಲಿಗೆ ಒಂದೇ ಪಾಸ್) ತಗೋಬೇಕಾ? ನಾಲ್ಕೂ ಜನಕ್ಕೆ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಕ್ಕೆ ಒಂದೇ ವೀಸಾ) ಬೇಕು, ಯಾವ ದೇಶಕ್ಕೆ ಅರ್ಜಿ ಹಾಕೋದು?

ರೈಲುಪ್ರೇಮಿ:
ಮೇಡಂ, ನೇರವಾಗಿ ಹೇಳ್ತೀನಿ. ಎರಡು ವಾರಕ್ಕೆ ಎಂಟು ಊರು ಸುತ್ತಬಹುದು, ನೋಡೋಕಾಗಲ್ಲ. ಊರು ಬದಲಿಸೋ ದಿನ ಬೆಳಿಗ್ಗೆ ಪೆಟ್ಟಿಗೆ ಕಟ್ಟಬೇಕು, ಹತ್ತು ಹನ್ನೊಂದಕ್ಕೆ ರೂಮು ಬಿಡಬೇಕು, ಹೊಸ ಊರಲ್ಲಿ ಮಧ್ಯಾಹ್ನ ಎರಡು ಮೂರರವರೆಗೆ ರೂಮು ಕೊಡಲ್ಲ. ರೈಲು ಎರಡೇ ಗಂಟೆಯದಾದರೂ ಅರ್ಧ ದಿನ ಹೋಯ್ತು. ಅದಕ್ಕೇ ದಿನ ಎಣಿಸಬೇಡಿ, ರಾತ್ರಿ ಎಣಿಸಿ. ನಿಮ್ಮ ಹತ್ತಿರ ಇರೋದು ಹದಿನಾಲ್ಕು ರಾತ್ರಿ.

ಮೊದಲು ಲಂಡನ್ ತೆಗೀರಿ. ಬ್ರಿಟನ್ ಷೆಂಗೆನ್ ಒಳಗಿಲ್ಲ, ಅದಕ್ಕೆ ಬೇರೆ ವೀಸಾ, ಬೇರೆ ಫೀಸು. ಆಮ್‌ಸ್ಟರ್‌ಡ್ಯಾಮ್ ಒಂದು ಮೂಲೆ, ಪ್ರಾಗ್ ಇನ್ನೊಂದು ಮೂಲೆ. ವೆನಿಸ್ ಎಷ್ಟೇ ಚೆಂದ ಇದ್ದರೂ ಅಲ್ಲಿ ಹೆಜ್ಜೆಗೊಂದು ಸೇತುವೆ, ಹೆಚ್ಚುಕಮ್ಮಿ ಪ್ರತಿ ಸೇತುವೆಗೂ ಮೆಟ್ಟಿಲು. ಯಜಮಾನರ ಮಂಡಿ ನೆನೆದರೆ ಅದನ್ನು ಬಿಡೋದೇ ಸರಿ ಅಂತ ನನಗೆ ಅನ್ನಿಸುತ್ತೆ. ಉಳಿದದ್ದು ನೋಡಿ: ಪ್ಯಾರಿಸ್, ಆಲ್ಪ್ಸ್, ಫ್ಲಾರೆನ್ಸ್, ರೋಮ್. ಮೇಲಿಂದ ಕೆಳಗೆ ಒಂದೇ ದಾರಿ. ವಿಮಾನದ ಟಿಕೆಟ್ ಬುಕ್ ಮಾಡುವಾಗ ಮಲ್ಟಿ ಸಿಟಿ ಆಯ್ಕೆ ಮಾಡಿ: ಪ್ಯಾರಿಸ್‌ಗೆ ಇಳಿಯೋದು, ರೋಮ್‌ನಿಂದ ಹತ್ತೋದು. ಹೋದ ದಾರಿಯಲ್ಲೇ ವಾಪಸ್ ಬರೋ ಒಂದು ದಿನ ಉಳಿಯುತ್ತೆ.

ಈಗ ಮುಖ್ಯ ವಿಷಯ. ಮಕ್ಕಳು ಬೆಳೆದು ನಿಂತವರು. ನಾಲ್ಕೂ ಜನ ಮೊದಲ ದಿನದಿಂದ ಕೊನೇ ದಿನದವರೆಗೆ ಒಟ್ಟಿಗೇ ಇರಬೇಕು ಅನ್ನೋದನ್ನ ದಯವಿಟ್ಟು ಬಿಡಿ. ಮಗಳ ಒಂದು ವಾರವನ್ನ ಪೂರ್ತಿ ಇಟಲಿಗೆ ಕೊಡಿ. ಅವಳು ನೇರ ಫ್ಲಾರೆನ್ಸ್‌ಗೆ ಬರಲಿ. ಚಿತ್ರಕಲೆ ಇಷ್ಟಪಡೋರಿಗೆ ಅಲ್ಲಿನ ಉಫಿಜಿ ಮ್ಯೂಸಿಯಂ ಒಂದೇ ಸಾಕು, ಒಂದು ಇಡೀ ದಿನ ಬೇಕು. ಅದಕ್ಕಿಂತ ಮುಂಚಿನ ವಾರ ನಿಮ್ಮಿಬ್ಬರದು ಮತ್ತು ಮಗನದು.

ನನ್ನ ಲೆಕ್ಕ: ಪ್ಯಾರಿಸ್ 4, ಲೌಟರ್‌ಬ್ರುನೆನ್ ಕಣಿವೆ (ಆಲ್ಪ್ಸ್‌ನಲ್ಲಿ, ಇಂಟರ್‌ಲಾಕೆನ್ ಹತ್ತಿರ) 3, ಫ್ಲಾರೆನ್ಸ್ 3, ರೋಮ್ 4.

ಪ್ಯಾರಿಸ್‌ನಲ್ಲಿ ಮೆಟ್ರೋ ಅಂದರೆ ಮೆಟ್ಟಿಲೇ ಮೆಟ್ಟಿಲು, 14ನೇ ಲೈನ್ ಬಿಟ್ಟರೆ ಲಿಫ್ಟ್ ಇರೋ ಸ್ಟೇಷನ್ ಕಡಿಮೆ. ಬಸ್ಸಿಗೆ ಹತ್ತಿ, ನೆಲ ತಗ್ಗಿರುತ್ತೆ, ಊರೂ ಕಾಣುತ್ತೆ. ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ, ಓರ್ಸೇ ಮ್ಯೂಸಿಯಂಗೆ ಸೋಮವಾರ.

ಪ್ಯಾರಿಸ್‌ನ ಗಾರ್ ದ ಲಿಯೋನ್ ಸ್ಟೇಷನ್‌ನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಟಿಜಿವಿಯಲ್ಲಿ (ಫ್ರಾನ್ಸಿನ ವೇಗದ ರೈಲು) ಸುಮಾರು ಮೂರು ಗಂಟೆ, ಅಲ್ಲಿಂದ ಇಂಟರ್‌ಲಾಕೆನ್‌ಗೆ ಎರಡು ಗಂಟೆ, ಇನ್ನಿಪ್ಪತ್ತು ನಿಮಿಷಕ್ಕೆ ಲೌಟರ್‌ಬ್ರುನೆನ್. ಇಂಟರ್‌ಲಾಕೆನ್‌ನಲ್ಲೇ ಉಳಿಯೋದಕ್ಕಿಂತ ಈ ಕಣಿವೆ, ಇಲ್ಲವೇ ಮೇಲಿನ ವೆಂಗೆನ್ ಎಷ್ಟೋ ಮೇಲು. ವೆಂಗೆನ್‌ಗೆ ಕಾರು ಹೋಗಲ್ಲ, ಹಲ್ಲುಕಂಬಿ ರೈಲೇ ಗತಿ. ಅಲ್ಲಿಂದ ಕೇಬಲ್ ಕಾರಲ್ಲಿ ಮ್ಯಾನ್‌ಲಿಖೆನ್ ಬೆಟ್ಟಕ್ಕೆ ಹೋಗಿ. ಮೇಲಿಂದ ಕ್ಲೈನೆ ಶೈಡೆಗ್ ರೈಲು ಸ್ಟೇಷನ್‌ವರೆಗೆ ನಾಲ್ಕೂವರೆ ಕಿಲೋಮೀಟರ್ ಹಾದಿ, ಮೆಟ್ಟಿಲಿಲ್ಲ, ಅಗಲವಾಗಿದೆ, ನಿಧಾನಕ್ಕೆ ಇಳಿಜಾರು. ಐಗರ್ ಬೆಟ್ಟದ ಉತ್ತರದ ಗೋಡೆ ನಿಮ್ಮ ಎದುರಿಗೇ ಇರುತ್ತೆ, ನಡೆದಷ್ಟೂ ದೊಡ್ಡದಾಗುತ್ತಾ ಬರುತ್ತೆ. ಹಸುಗಳ ಕೊರಳ ಗಂಟೆ ಬಿಟ್ಟರೆ ಬೇರೆ ಸದ್ದಿರಲ್ಲ. ಇಳಿಜಾರು ಬೇಡ ಅಂದರೆ ಯಜಮಾನರು ಬಂದ ಕೇಬಲ್ ಕಾರಲ್ಲೇ ಇಳಿದು ವೆಂಗೆನ್‌ನಿಂದ ರೈಲಲ್ಲಿ ಶೈಡೆಗ್‌ಗೆ ಬಂದು ಸೇರಬಹುದು. ಮಗ ಬೇರೆ ಕಡಿದಾದ ಹಾದಿ ಹಿಡಿಯಲಿ, ಸಂಜೆ ಸಿಗ್ತಾನೆ. ಯುಂಗ್‌ಫ್ರೌಯೋಖ್ (ಬೆಟ್ಟದ ಮೇಲಿನ ರೈಲು ಸ್ಟೇಷನ್, 3,454 ಮೀಟರ್) ಟಿಕೆಟ್ ತುಂಬಾ ದುಬಾರಿ. ಬೆಳಿಗ್ಗೆ ವೆಬ್‌ಕ್ಯಾಮ್ ನೋಡಿ, ಮೋಡ ಕವಿದಿದ್ದರೆ ದುಡ್ಡು ಹಾಕಬೇಡಿ.

ಯೂರೇಲ್ ಈ ದಾರಿಗೆ ಬೇಡ. ಯುವಕರ ರಿಯಾಯಿತಿ 27 ವರ್ಷದವರೆಗೆ ಮಾತ್ರ, ಮಗನಿಗೆ ಸಿಗುತ್ತೆ, ಮಗಳಿಗಿಲ್ಲ. ಪಾಸ್ ಇದ್ದರೂ ಟಿಜಿವಿಗೆ, ಇಟಲಿಯ ವೇಗದ ರೈಲಿಗೆ ಸೀಟಿನ ದುಡ್ಡು ಬೇರೆ ಕೊಡಬೇಕು. ಇರೋದು ಮೂರೇ ದೊಡ್ಡ ಪ್ರಯಾಣ, ಮುಂಚೆಯೇ ಬಿಡಿ ಟಿಕೆಟ್ ತಗೊಳ್ಳಿ. ಸ್ವಿಟ್ಜರ್ಲೆಂಡ್‌ಗೆ ಮಾತ್ರ ಹಾಫ್ ಫೇರ್ ಕಾರ್ಡ್ ವಿಚಾರಿಸಿ, ರೈಲಷ್ಟೇ ಅಲ್ಲ, ಹೆಚ್ಚಿನ ಕೇಬಲ್ ಕಾರಿಗೂ ಅರ್ಧ ದರ.

ವೀಸಾ: ಹೆಚ್ಚು ರಾತ್ರಿ ಎಲ್ಲಿ ಕಳೀತೀರೋ ಆ ದೇಶಕ್ಕೆ ಅರ್ಜಿ. ನಿಮ್ಮ ಮೂವರಿಗೂ ಇಟಲಿ ಏಳು, ಫ್ರಾನ್ಸ್ ನಾಲ್ಕು. ಮಗಳಿಗೆ ಪೂರ್ತಿ ಇಟಲಿಯೇ. ಹಾಗಾಗಿ ನಾಲ್ಕೂ ಅರ್ಜಿ ಇಟಲಿಗೆ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಹಾಕಬಹುದು, ಕಡೇ ಪಕ್ಷ 15 ದಿನ ಮುಂಚೆ. ಆದರೆ ಅಪಾಯಿಂಟ್‌ಮೆಂಟ್ ಬೇಗ ಮುಗಿದುಹೋಗುತ್ತೆ, ಕಾಯಬೇಡಿ. ದೊಡ್ಡವರಿಗೆ ಫೀಸು 90 ಯೂರೋ, ವಿಮೆ ಕನಿಷ್ಠ 30,000 ಯೂರೋದ್ದು. ಮಕ್ಕಳು ವಯಸ್ಕರಾದ್ದರಿಂದ ಅವರವರ ಕಾಗದಪತ್ರ ಅವರವರೇ ಹೊಂದಿಸಬೇಕು. ಖರ್ಚು ನಿಮ್ಮದಾದರೆ ಅದನ್ನೂ ಪತ್ರದಲ್ಲಿ ತೋರಿಸಿ.

ಮಲೆನಾಡಹುಡುಗಿ:
ನಾನು ಅಪ್ಪ ಅಮ್ಮನ ಜೊತೆ ಹೋದ ಮಗಳು, ಆ ಕಡೆಯಿಂದ ಹೇಳ್ತೀನಿ ಆಂಟಿ. ನಾಲ್ಕು ಜನ ದೊಡ್ಡವರು ಒಂದೇ ರೂಮಲ್ಲಿ ಬೇಡ. ಅಲ್ಲಿ ಹೋಟೆಲ್ ರೂಮು ಚಿಕ್ಕದು, ಪೆಟ್ಟಿಗೆ ಬಿಚ್ಚೋಕೂ ಜಾಗ ಇರಲ್ಲ. ಎರಡು ಮಲಗೋ ಕೋಣೆ ಇರೋ ಅಪಾರ್ಟ್‌ಮೆಂಟ್ ನೋಡಿ. ಲಿಫ್ಟ್ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಅಲ್ಲಿ ಫಸ್ಟ್ ಫ್ಲೋರ್ ಅಂದರೆ ನೆಲಮಹಡಿಯ ಮೇಲಿಂದು, ಹಳೇ ಕಟ್ಟಡದಲ್ಲಿ ಅದಕ್ಕೇ ಮೂವತ್ತು ಮೆಟ್ಟಿಲು ಇರಬಹುದು. ಇಟಲಿಯಲ್ಲಿ ತಲೆಗಿಷ್ಟು, ರಾತ್ರಿಗಿಷ್ಟು ಅಂತ ಊರಿನ ತೆರಿಗೆ ಬೇರೆ ಇರುತ್ತೆ.

ಇನ್ನೊಂದು. ದಿನಾ ಒಂದು ಊಟ ಎಲ್ಲರೂ ಒಟ್ಟಿಗೆ ಅಂತ ಇಟ್ಕೊಳ್ಳಿ, ಮಿಕ್ಕ ಹೊತ್ತು ಬಿಟ್ಟುಬಿಡಿ. ಫ್ಲಾರೆನ್ಸ್‌ನ ದುವೋಮೋ ಚರ್ಚಿನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಅದು ಅಕ್ಕ ತಮ್ಮನ ಬೆಳಗು ಆಗಲಿ. ಅವರಿಬ್ಬರೇ ಎಷ್ಟೋ ವರ್ಷದ ಮೇಲೆ ಒಂದಿಷ್ಟು ಮಾತಾಡ್ತಾರೆ, ಅದೂ ಈ ಪ್ರವಾಸದ ಭಾಗವೇ. ಟಿಕೆಟ್‌ಗೆ ಸಮಯ ಮೊದಲೇ ಕಾದಿರಿಸಬೇಕು.

ಕಿಟಕಿಸೀಟು:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸ್ವಿಟ್ಜರ್ಲೆಂಡ್ ಖರ್ಚು ಜಾಸ್ತಿ ಅನ್ನಿಸಿದರೆ ಆಸ್ಟ್ರಿಯಾದ ವಿಯೆನ್ನಾದಿಂದ ಶುರು ಮಾಡಿ. ಅಲ್ಲಿಂದ ಸಾಲ್ಜ್‌ಬರ್ಗ್ ಎರಡೂವರೆ ಗಂಟೆ, ಸುತ್ತಲೂ ಬೆಟ್ಟ, ಸರೋವರ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಸಾಮಾನು ಶನಿವಾರವೇ ತಂದಿಟ್ಟುಕೊಳ್ಳಿ. ಆದರೆ ಪ್ಯಾರಿಸ್ ಕೈಬಿಡಬೇಕಾಗುತ್ತೆ.

ಹಂಸಧ್ವನಿ:
ಎಲ್ಲರಿಗೂ ಮನಸಾರೆ ಧನ್ಯವಾದ. ರಾತ್ರಿ ಮಕ್ಕಳ ಜೊತೆ ಕೂತು ಓದಿದ್ವಿ. ಮಗಳು ಫ್ಲಾರೆನ್ಸ್‌ಗೆ ನೇರ ಬರೋಕೆ ಒಪ್ಪಿದಳು, ರಜೆ ಉಳೀತಲ್ಲ ಅಂತ ಖುಷಿ. ಪ್ಯಾರಿಸ್ ಬಿಡೋಕೆ ನನಗೆ ಮನಸ್ಸಿಲ್ಲ, ಅದಿರಲಿ. ಒಂದೇ ಅನುಮಾನ: ಲೌಟರ್‌ಬ್ರುನೆನ್‌ನಿಂದ ಫ್ಲಾರೆನ್ಸ್ ಒಂದೇ ದಿನಕ್ಕೆ ಜಾಸ್ತಿ ಆಗಲ್ವಾ? ವ್ಯಾಟಿಕನ್ ಮ್ಯೂಸಿಯಂ ಭಾನುವಾರಕ್ಕೆ ಇಟ್ಟಿದ್ದೀವಿ, ಸರಿನಾ?

ರೈಲುಪ್ರೇಮಿ:
ಇಡೀ ಹಗಲು ಹಿಡಿಯುತ್ತೆ ಮೇಡಂ, ಆದರೆ ಕಿಟಕಿ ಬಿಟ್ಟು ಏಳೋಕೆ ಮನಸ್ಸಾಗಲ್ಲ. ಇಂಟರ್‌ಲಾಕೆನ್, ಶ್ಪೀಟ್ಸ್, ಅಲ್ಲಿಂದ ಮಿಲಾನ್. ನಡುವೆ ಸಿಂಪ್ಲೋನ್ ಸುರಂಗ ಸಿಗುತ್ತೆ, ಸುಮಾರು 20 ಕಿಲೋಮೀಟರ್, 1906ರಲ್ಲಿ ತೆರೆದದ್ದು. ಆ ಕಡೆ ಬರುವಷ್ಟರಲ್ಲಿ ಬೋರ್ಡಿನ ಭಾಷೆಯೇ ಬದಲಾಗಿರುತ್ತೆ. ಮಿಲಾನ್‌ನಲ್ಲಿ ರೈಲು ಬದಲಿಸೋಕೆ ಒಂದು ಗಂಟೆಯಾದರೂ ಇಟ್ಕೊಳ್ಳಿ, ಮುಂದೆ ಫ್ಲಾರೆನ್ಸ್ ಎರಡು ಗಂಟೆ. ಅಲ್ಲಿಂದ ರೋಮ್ ಒಂದೂವರೆ ಗಂಟೆಯಷ್ಟೇ.

ಭಾನುವಾರ ವ್ಯಾಟಿಕನ್ ಮ್ಯೂಸಿಯಂ ಮುಚ್ಚಿರುತ್ತೆ. ತಿಂಗಳ ಕೊನೇ ಭಾನುವಾರ ಮಾತ್ರ ತೆರೆದು ಉಚಿತವಾಗಿ ಬಿಡ್ತಾರೆ, ಆ ನೂಕುನುಗ್ಗಲಲ್ಲಿ ಮಂಡಿ ನೋವಿನವರನ್ನ ಕರೆದೊಯ್ಯಬೇಡಿ. ಬುಧವಾರ ಬೆಳಿಗ್ಗೆ ಪೋಪ್ ಅವರ ಸಾರ್ವಜನಿಕ ಭೇಟಿ ಇರೋದರಿಂದ ಸೇಂಟ್ ಪೀಟರ್ಸ್ ಬೆಸಿಲಿಕಾಕ್ಕೆ ಆಗ ಬಿಡೋದಿಲ್ಲ. ಗುರುವಾರ ಇಲ್ಲವೇ ಶುಕ್ರವಾರಕ್ಕೆ ಇಟ್ಕೊಳ್ಳಿ. ಕೊಲೊಸಿಯಂ ಟಿಕೆಟ್ ಮೇಲೆ ಪ್ರತಿಯೊಬ್ಬರ ಹೆಸರೂ ಬರುತ್ತೆ, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ತುಂಬಿಸಿ. ವ್ಯಾಟಿಕನ್ ಮ್ಯೂಸಿಯಂನಲ್ಲಿ ಗುರುತಿನ ಚೀಟಿ ಕೊಟ್ಟರೆ ಗಾಲಿಕುರ್ಚಿ ಉಚಿತವಾಗಿ ಕೊಡ್ತಾರೆ, ಅಲ್ಲಿನ ಓಣಿಗಳು ತುಂಬಾ ಉದ್ದ, ಯಜಮಾನರಿಗೆ ಮೊದಲೇ ಹೇಳಿಟ್ಟಿರಿ.