ಪೆನ್ಸಿಲ್ಲಿಗೆ ಅವಸರ ಮಾಡಬೇಡವ್ವಾ

ಅವ್ವಾ, ಮೂರೂವರೆ ವರ್ಷದ ಮಗ ಇನ್ನೂ ಪೆನ್ಸಿಲ್ಲನ್ನು ಮುಷ್ಟಿಯಲ್ಲಿಯೇ ಹಿಡಿಯುತ್ತಾನೆ, ಪಕ್ಕದ ಮನೆಯ ಮಗು ಆಗಲೇ ಅ ಆ ಇ ಈ ಬರೆಯುತ್ತದೆ, ಇವನನ್ನು ಸಂಜೆಯ ಟ್ಯೂಷನ್ನಿಗೆ ಹಾಕಲೇ ಎಂದು ನೀನು ನಿನ್ನೆ ರಾತ್ರಿ ಮನೆಯವರ ಗ್ರೂಪಿನಲ್ಲಿ ಕೇಳಿದ್ದನ್ನು ಬೆಳಗಿನ ಚಹಾದ ಹೊತ್ತಿಗೆ ಕೇಳಿಸಿಕೊಂಡೆ. ನಿನ್ನ ದೊಡ್ಡವ್ವನೂ ಕೇಳಿದಳು. ಹಾಕಬೇಡ. ಅಷ್ಟು ಸಣ್ಣ ಕೈಗೆ ಅಕ್ಷರದ ಅವಸರ ಹಚ್ಚಬೇಡ.

ನನ್ನ ಹಿರಿಮಗ, ನಿಮ್ಮ ಹಿರಿಯಣ್ಣನ ಸ್ವಭಾವ ನಿಮಗೆಲ್ಲ ಗೊತ್ತಿದ್ದದ್ದೇ. ಪಾಟಿಯ ಸಂಗತಿಯನ್ನು ಮಾತ್ರ ನಾನು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಅವನಿಗೆ ಆಗ ನಾಲ್ಕು ತುಂಬಿರಲಿಲ್ಲ. ಇಳಕಲ್ಲಿನ ಹಳೆಯ ಮನೆಯಲ್ಲಿ ನಾನು ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯುತ್ತ, ಅವನನ್ನು ಎದುರಿಗೆ ಕೂರಿಸಿಕೊಂಡು, ಪಾಟಿಯ ತುಂಬ ಅಕ್ಷರ ತಿದ್ದದೆ ಏಳಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ. ಮೇಲಾಗಿ ಅವನು ಎಡಚ. ಎಡಗೈ ಮುಂದೆ ಬಂದಾಗಲೆಲ್ಲ ಅದನ್ನು ಬೆನ್ನ ಹಿಂದೆ ಇಟ್ಟುಕೊ ಎಂದು ಗದರಿಸುತ್ತಿದ್ದೆ. ಹೀಗೆ ಆರು ತಿಂಗಳು ನಡೆಯಿತು. ಒಂದು ದಿನ ಪಾಟಿಯೇ ಕಾಣೆಯಾಯಿತು. ಮನೆಯೆಲ್ಲ ಹುಡುಕಿ ಕೊನೆಗೆ ಮಗ್ಗದ ಕುಣಿಯಲ್ಲಿ, ದಿನವೂ ನನ್ನ ಕಾಲು ಇರುತ್ತಿದ್ದ ಜಾಗದಲ್ಲಿಯೇ, ಮೂರು ಚೂರಾಗಿ ಧೂಳಿನೊಳಗೆ ಹುಗಿದದ್ದು ಸಿಕ್ಕಿತು. ಹತ್ತು ವರ್ಷದವನಾಗುವ ತನಕ ಬರೆಯಲು ಕೂರಿಸಿದರೆ ಮೊದಲು ಅಂಗೈಯ ಬೆವರನ್ನು ಚಡ್ಡಿಗೆ ಒರೆಸಿಕೊಳ್ಳುತ್ತಿದ್ದ. ಇಂದಿಗೂ ಅಂಗಡಿಯ ಲೆಕ್ಕವನ್ನು ಮಗನ ಕೈಯಲ್ಲಿ ಬರೆಸುತ್ತಾನೆ.

ತಪ್ಪು ನನಗೆ ತಿಳಿದದ್ದು ಬಹಳ ತಡವಾಗಿ. ಮೊಮ್ಮಗ ಕಟ್ಟೆಯಿಂದ ಬಿದ್ದು ಮುಂಗೈ ಉಳುಕಿಸಿಕೊಂಡಾಗ ಎಲುಬಿನ ಡಾಕ್ಟರು ಎಕ್ಸ್‌ರೇ ಹಿಡಿದು, ದೊಡ್ಡವರ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿರುತ್ತವೆ, ಮೂರು ನಾಲ್ಕು ವರ್ಷದ ಮಗುವಿನಲ್ಲಿ ಮೂರೋ ನಾಲ್ಕೋ ಮಾತ್ರ ಕಾಣುತ್ತವೆ, ಉಳಿದವು ಇನ್ನೂ ಗಟ್ಟಿಯಾಗದ ಮೆತ್ತಗಿನ ಎಲುಬಾಗಿಯೇ ಇರುತ್ತವೆ ಎಂದು ತೋರಿಸಿದರು. ಆ ಚಿತ್ರ ನೋಡಿದಾಗ ನನಗೆ ಕುಣಿಯೊಳಗಿನ ಪಾಟಿ ನೆನಪಾಯಿತು. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಅಕ್ಷರದ ಅವಸರ ಹಚ್ಚಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಒಂದನೆಯ ತರಗತಿಗೆ 6 ವರ್ಷವೆಂದೇ ಹೇಳಿದೆ.

ಮೊದಲು ಬೆರಳಿನ ಕೆಲಸವನ್ನು ಯಾರೂ ಕಲಿಸಬೇಕಾಗಿರಲಿಲ್ಲ, ಏಕೆಂದರೆ ಅಂಗಳವಿತ್ತು. ಮನೆ ಪಾಲಾದಾಗ ಅಂಗಳದ ನಡುವೆ ಗೋಡೆ ಎದ್ದಿತು, ಮಕ್ಕಳು ಮಣ್ಣು ಕಲಸುತ್ತಿದ್ದ ಜಾಗದಲ್ಲಿ ಈಗ ಎರಡು ಮೋಟಾರ್ ಸೈಕಲ್ ನಿಂತಿವೆ. ಗೋಡೆ ಎಬ್ಬಿಸಿದವರು ಈ ಗ್ರೂಪಿನಲ್ಲಿಯೇ ಇದ್ದಾರೆ, ಕೇಳಿಸಿಕೊಳ್ಳಲಿ. ಹೋದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಮೊಮ್ಮಕ್ಕಳು ಬರುತ್ತಾರೆಂದು ಕೆರೆಯ ಕರಿಮಣ್ಣು ತರಿಸಿ, ನೆನೆಸಿ, ಹದ ಮಾಡಿ ಇಟ್ಟಿದ್ದೆ, ಒಬ್ಬರೂ ಬರಲಿಲ್ಲ. ನಾನೊಬ್ಬನೇ ಮಾಡಿದ ಎರಡು ಎತ್ತುಗಳ ಫೋಟೋಕ್ಕೆ ಎಲ್ಲರೂ ಕೈ ಮುಗಿದ ಚಿತ್ರ ಕಳಿಸಿದಿರಿ.

ಇರಲಿ, ನೀನು ಕೇಳಿದ್ದು ಬೆರಳಿನ ಮಾತು. ಮೂರು ವರ್ಷ ದಾಟಿದ ಮಗು, ನೀನು ಬರೆದದ್ದನ್ನು ನೋಡಿಕೊಂಡು ಒಂದು ದುಂಡು ಗೆರೆ ಎಳೆದರೆ ಸಾಕು. ನೀನು ರೊಟ್ಟಿ ಬಡಿಯುವಾಗ ಅವನಿಗೂ ಒಂದು ಸಣ್ಣ ಹಿಟ್ಟಿನ ಮುದ್ದೆ ಕೊಡು, ನಾದಲಿ, ಚಿವುಟಲಿ. ಅವರೆಕಾಯಿ ಸುಲಿಯಲಿ, ಶೇಂಗಾ ಸುಲಿಸುವುದಾದರೆ ಪಕ್ಕದಲ್ಲಿಯೇ ಕೂರು, ಇಡೀ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುವ ವಯಸ್ಸದು. ಅಂಗಿಯ ಗುಂಡಿಯನ್ನು ತಡವಾದರೂ ಅವನೇ ಹಾಕಿಕೊಳ್ಳಲಿ. ಬಳಪ ಕೊಡುವುದಾದರೆ ಬೆರಳುದ್ದದ್ದು ಬೇಡ, ಮುರಿದ ಚೂರು ಕೊಡು. ಚೂರನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ತಾನಾಗಿಯೇ ಬೆರಳ ತುದಿಗೆ ಬರುತ್ತದೆ. ಗೋಡೆಯ ಮೇಲೆ ಗೀಚಿದರೆ ಬಯ್ಯಬೇಡ, ನಿಂತು ಗೀಚಿದಷ್ಟೂ ಭುಜ ಮತ್ತು ಮಣಿಕಟ್ಟು ಗಟ್ಟಿಯಾಗುತ್ತವೆ. ಯಾವ ಕೈ ಮುಂದೆ ಬರುತ್ತದೋ ಅದೇ ಕೈ ಇರಲಿ.

ಮೊದಲೇ ಹೇಳಬೇಕಾಗಿದ್ದದ್ದು ಈಗ ನೆನಪಾಯಿತು. ಇಂದು ಅವನು ಆಟದಲ್ಲಿದ್ದಾಗ ಹಿಂದಿನಿಂದ, ಮುಖ ತೋರಿಸದೆ, ಮೆಲ್ಲಗೆ ಹೆಸರು ಹಿಡಿದು ಕರೆದು ನೋಡು. ತಿರುಗದಿದ್ದರೆ, ಅಥವಾ ಅವನ ಮಾತು ಹೊರಗಿನವರಿಗೆ ಹೆಚ್ಚುಪಾಲು ತಿಳಿಯದಿದ್ದರೆ, ಟ್ಯೂಷನ್ನಿನ ಹಣದಲ್ಲಿ ಮಕ್ಕಳ ಡಾಕ್ಟರಲ್ಲಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸು. ಎರಡೂ ಸರಿ ಇದ್ದರೆ ಅಮಾವಾಸ್ಯೆಗೆ ಇಳಕಲ್ಲಿಗೆ ಕರೆದುಕೊಂಡು ಬಾ, ಮಣ್ಣು ನಾನು ತರಿಸಿರುತ್ತೇನೆ. ಹೊಸ ಅಂಗಿ ಮಾತ್ರ ಹಾಕಿಸಬೇಡ.